ಬೀಜ ಮಣ್ಣಿಗೆ, ಲೆಕ್ಕ ಮಳೆಗೆ!
ಬಿತ್ತುವವನ ಧೈರ್ಯದ ಮೇಲೆ ನಿಂತ ನವಲಗುಂದ ಪೇಟೆ

ನವಲಗುಂದ: ಜೂನ್ ತಿಂಗಳು ಬಂತೆಂದರೆ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮಾತು.

"ಈ ಸಲ ಏನ ಬಿತ್ತೀರಿ ಕಾಕಾ?"

"ಹೆಸರು ಹಾಕೀನಿ ತಮ್ಮಾ. ಮುಂದಿಂದು ಮಳಿರಾಯಗ ಬಿಟ್ಟದ್ದು."

ಮಾತು ಸಣ್ಣದು. ಅದರ ಹಿಂದೆ ಅಡವಿಟ್ಟ ಬಂಗಾರವಿದೆ, ಸೊಸೈಟಿ ಸಾಲವಿದೆ, ಮಗಳ ಮದುವೆಯಿದೆ. ಇಸ್ಪೀಟಿನಲ್ಲಿ ಸೋತವನನ್ನು ಊರೇ ಬೈಯುತ್ತದೆ. ಎರಿ ಹೊಲದಲ್ಲಿ ಸೋತವನನ್ನು ಬೈಯುವವರಿಲ್ಲ, ಕೇಳುವವರೂ ಇಲ್ಲ!

ಒಂದು ಕೈ ಹೋದರೆ ಇನ್ನೊಂದು ಕೈ

ಹಾಗೆಂದು ಇದು ಬರೀ ಜೂಜಲ್ಲ. ರೋಹಿಣಿ, ಮೃಗಶಿರಾ ಮಳೆ ನೋಡಿ ಬಿತ್ತಿದ ಹೆಸರು ಸುಮಾರು ಎಪ್ಪತ್ತು ದಿನಕ್ಕೆ ಕೈಗೆ ಬರುತ್ತದೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೀಜ ಹೋಯಿತು. ಬಿಡಿಸುವ ಹೊತ್ತಿಗೆ ಜಡಿಮಳೆ ಹಿಡಿದರೆ ಗಿಡದಲ್ಲೇ ಕಾಯಿ ಮೊಳಕೆ ಒಡೆಯುತ್ತದೆ. ಆದರೆ ಆ ಮಳೆಯ ತೇವವನ್ನು ಕರಿಮಣ್ಣು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಮುಂದೆ ಹಿಂಗಾರಿಗೆ ಬಿತ್ತಿದ ಕಡಲೆ, ಜೋಳ, ಕುಸುಬಿ ಆ ತೇವ ಮತ್ತು ಇಬ್ಬನಿಯ ಮೇಲೇ ಬದುಕುತ್ತವೆ. ಹೆಸರು ಕೆಡಿಸಿದ ಮಳೆಯೇ ಕಡಲೆಯನ್ನು ಕಾಯುತ್ತದೆ! ಕೆಲವರು ಒಂದಿಷ್ಟು ಹೊಲಕ್ಕೆ ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕಿ ನಷ್ಟವನ್ನು ಹಂಚಿಕೊಳ್ಳುತ್ತಾರೆ. ಇದು ಲೆಕ್ಕದ ಧೈರ್ಯ.

ಲೆಕ್ಕ ತಪ್ಪುವ ವರ್ಷಗಳೂ ಉಂಟು. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಹೊಲಗಳನ್ನೇ ನುಂಗಿದವು. 2023ರಲ್ಲಿ ತದ್ವಿರುದ್ಧ: ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಸಾರಬೇಕಾಯಿತು.

ಕರಕ್ಕೆ ಮಾತ್ರ ಗ್ಯಾರಂಟಿ

ಮಳೆಯ ಹಂಗು ಬೇಡವೆಂದೇ ಈ ಭಾಗದವರು ಮಲಪ್ರಭಾ ಕಾಲುವೆಯನ್ನು ನಂಬಿದರು. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಹತ್ತಿ ಬಿತ್ತಿದರು. ಕೆಲವರ ಕೈಗೆ ದುಡ್ಡೂ ಬಂತು. ಆಮೇಲೆ ಹತ್ತಿ ದರ ಬಿತ್ತು. ಕಾಲುವೆಯ ತುದಿಯ ಎಷ್ಟೋ ಹೊಲಗಳಿಗೆ ನೀರು ಮುಟ್ಟಲಿಲ್ಲ. ಆದರೆ ಬೆಟರ್‌ಮೆಂಟ್ ಲೆವಿಯ ನೋಟೀಸು ತಪ್ಪದೆ ಮುಟ್ಟಿತು! ಬೆಳೆ ಅದೃಷ್ಟದ ಮಾತು. ಕರ ಮಾತ್ರ ಗ್ಯಾರಂಟಿ.

ಫಲ ಏನಾಯಿತೆಂದು ಎಲ್ಲರೂ ಬಲ್ಲರು. 1980ರ ಜುಲೈ 21ರಂದು ನವಲಗುಂದ, ನರಗುಂದ ಎರಡೂ ಕಡೆ ಗೋಲಿಬಾರ್. ಎರಡೂ ಕಡೆ ರೈತರ ಪ್ರಾಣ ಹೋಯಿತು. ಆ ದಿನ ಇಂದಿಗೂ ರೈತ ಹುತಾತ್ಮ ದಿನ.

ಅಂಗಡಿಯವರ ಪಾಲೂ ಉಂಟು

ರೈತ ಒಬ್ಬನೇ ಧೈರ್ಯ ಮಾಡುತ್ತಾನೆಂದು ತಿಳಿದರೆ ತಪ್ಪು. ಬೀಜ ಗೊಬ್ಬರದ ಅಂಗಡಿಯವರು ಸುಗ್ಗಿಯ ಮಾತಿನ ಮೇಲೆ ಉದ್ದರಿ ಬರೆಯುತ್ತಾರೆ. ಕಿರಾಣಿಯವರೂ ಬರೆಯುತ್ತಾರೆ, ಅರಿವೆ ಅಂಗಡಿಯವರೂ ಬರೆಯುತ್ತಾರೆ. ಮಳೆ ಹೋದರೆ ಹೊಲ ಒಣಗುವ ಮೊದಲೇ ಖಾತೆ ಪುಸ್ತಕ ಒಣಗುತ್ತದೆ. ಅತ್ತ ದುಡಿಮೆ ಹುಡುಕಿ ಗುಳೆ ಹೊರಟವರಿಂದ ಬಸ್ಸು ತುಂಬುತ್ತದೆ.

2016ರಿಂದ ಫಸಲ್ ಬಿಮಾ ಇದೆ. ವಿಮೆ ಮೊತ್ತದ ಮೇಲೆ ರೈತ ಕಟ್ಟುವುದು ಹೆಚ್ಚೆಂದರೆ ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ 5. ಒಳ್ಳೆಯದೇ. ಆದರೆ ಮಳೆಯಿಲ್ಲದೆ ಬೆಳೆ ಹೋದಾಗ ನೋಡುವುದು ಒಬ್ಬನ ಹೊಲವನ್ನಲ್ಲ, ಆ ಭಾಗದ ಸರಾಸರಿಯನ್ನು. ನೆರೆಯವರ ಹೊಲ ಹಸಿರಿದ್ದರೆ ಒಣಗಿದವನ ಕೈಗೆ ಪರಿಹಾರ ಬರುವುದು ಕಷ್ಟ. ಗಡುವಿನೊಳಗೆ ಕಟ್ಟುವುದು ಜಾಣತನ. ಅದೊಂದನ್ನೇ ನಂಬಿ ಕೂಡುವುದಲ್ಲ.

ಬಿತ್ತದೆ ಕೂತರೆ ನಷ್ಟವಿಲ್ಲ, ನಿಜ. ರಾಶಿಯೂ ಇಲ್ಲ. ಅದಕ್ಕೇ ಹೋದ ವರ್ಷ ಸೋತವನೇ ಈ ವರ್ಷ ಮತ್ತೆ ಕೂರಿಗೆ ಹೂಡುತ್ತಾನೆ.

ಬಸ್ಸಿನಲ್ಲಿ ಬೀಜದ ಚೀಲ ತೊಡೆಯ ಮೇಲಿಟ್ಟುಕೊಂಡವರು ಕಂಡರೆ ತುಸು ಸರಿದು ಜಾಗ ಕೊಡಿ. ಅಂಗಡಿಕಾರರೇ, ಆ ಚೀಲದಲ್ಲಿ ನಿಮ್ಮ ದೀಪಾವಳಿ ವ್ಯಾಪಾರವೂ ಇದೆ!