ಪವಾಡದ ಸಾಕ್ಷ್ಯವನ್ನು ತೂಗುವ ಬಗೆ

ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತಿತು. ಅದೇ ಕ್ಷಣದಲ್ಲಿ ಹಣ್ಣು ಬಿದ್ದಿತು. ಕಾಗೆ ಕುಳಿತುದರಿಂದಲೇ ಹಣ್ಣು ಬಿದ್ದಿತೆನ್ನಬಹುದೆ? ನಮ್ಮ ಹಿರಿಯರು ಇದನ್ನು ಕಾಕತಾಳೀಯ ನ್ಯಾಯವೆಂದು ಕರೆದರು. ಪ್ರಾರ್ಥನೆಯಿಂದ ರೋಗ ವಾಸಿಯಾಯಿತೆಂಬ ಸುದ್ದಿ ಬಂದಾಗ ಈ ನ್ಯಾಯವನ್ನು ನೆನೆಯುವುದು ಒಳ್ಳೆಯದು. ಹಾಗೆಂದು ಕೇಳಿದೊಡನೆ ನಗುವುದೂ ವಿವೇಕವಲ್ಲ, ವಿಚಾರಿಸುವುದು ವಿವೇಕ. ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗವನ್ನು ನೋಡೋಣ.

ಮದರ್ ತೆರೇಸಾ ಅವರು ಕಲ್ಕತ್ತೆಯಲ್ಲಿ ನಿಧನರಾದುದು 1997ರ ಸೆಪ್ಟೆಂಬರ್ 5ರಂದು. ಸರಿಯಾಗಿ ಒಂದು ವರ್ಷದ ಮೇಲೆ, ಪಶ್ಚಿಮ ಬಂಗಾಳದ ದಕ್ಷಿಣ ದಿನಾಜಪುರ ಜಿಲ್ಲೆಯ ಪತಿರಾಮದಲ್ಲಿ, ಅವರ ಸಂಸ್ಥೆಯ ಆಶ್ರಯದಲ್ಲಿದ್ದ ಬಡ ಬುಡಕಟ್ಟಿನ ಗೃಹಿಣಿಯೊಬ್ಬರಿಗೆ ಹೊಟ್ಟೆಯ ಗಡ್ಡೆ ವಾಸಿಯಾಯಿತೆಂಬ ವಾರ್ತೆ ಹಬ್ಬಿತು. ಮದರ್ ಅವರ ಚಿತ್ರದಿಂದ ಬೆಳಕು ಹೊರಟು ತಮ್ಮತ್ತ ಬಂದಿತೆಂದು ಆಕೆ ಹೇಳಿದರು. ಸಂನ್ಯಾಸಿನಿಯರು ಆಕೆಯ ಹೊಟ್ಟೆಯ ಮೇಲೆ ಒಂದು ಪದಕವನ್ನಿರಿಸಿ ಪ್ರಾರ್ಥಿಸಿದರು. ನಡುರಾತ್ರಿ ಕಳೆದು ಎಚ್ಚರವಾದಾಗ ಗಡ್ಡೆ ಇರಲಿಲ್ಲವೆಂಬುದು ಆಕೆಯ ಹೇಳಿಕೆ.

ಬಾಲೂರ್‌ಘಾಟ್ ಆಸ್ಪತ್ರೆಯಲ್ಲಿ ಆಕೆಯನ್ನು ನೋಡಿದ್ದ ವೈದ್ಯರ ಮಾತು ಬೇರೆ. ಅದು ಕ್ಷಯದಿಂದಾದ ಗಂಟು, ತಿಂಗಳುಗಟ್ಟಲೆ ಕೊಟ್ಟ ಔಷಧದಿಂದ ಕರಗಿತು ಎಂದರು ಅವರು. ಪತಿಯೂ 2002ರಲ್ಲಿ, ಗುಣಪಡಿಸಿದವರು ವೈದ್ಯರೇ ಎಂದು ಪತ್ರಿಕೆಯೊಂದಕ್ಕೆ ತಿಳಿಸಿದರು. ಮುಂದೆ ಅವರೇ ಅದು ಪವಾಡವೆಂದರು. ಸಂನ್ಯಾಸಿನಿಯರ ನೆರವಿನಿಂದ ಮಕ್ಕಳು ಓದುತ್ತಿರುವುದನ್ನೂ ಅವರು ಆಗ ಹೇಳಿದ್ದರು. ಉಪಕಾರ ಪಡೆದವರ ಮಾತೆಲ್ಲ ಸುಳ್ಳೆಂದು ಇದರ ಅರ್ಥವಲ್ಲ. ಒಬ್ಬನೇ ಸಾಕ್ಷಿ ಎರಡು ಮಾತಾಡಿದಾಗ ಅವನ ಮಾತಿನಿಂದಷ್ಟೇ ತೀರ್ಪು ಕೊಡಲಾಗದು.

ಪವಾಡವನ್ನು ಒಪ್ಪಲು ಕ್ಯಾಥೊಲಿಕ್ ಧರ್ಮಸಭೆಯಲ್ಲಿಯೂ ಕಟ್ಟುನಿಟ್ಟುಂಟು. 18ನೆಯ ಶತಮಾನದಲ್ಲಿ ಲ್ಯಾಂಬರ್ಟಿನಿ ಎಂಬ ಧರ್ಮಾಧಿಕಾರಿ, ಅನಂತರ ಪೋಪ್ ಆದವರು, ಅದಕ್ಕೆ ಲಕ್ಷಣಗಳನ್ನು ಹೇಳಿದರು: ರೋಗ ಕಠಿನವಾಗಿರಬೇಕು, ಗುಣ ಥಟ್ಟನೆ, ಪೂರ್ಣವಾಗಿ ಆಗಬೇಕು, ರೋಗ ಮರುಕಳಿಸಬಾರದು, ಗುಣವಾದುದು ಔಷಧದಿಂದ ಎನ್ನುವಂತಿರಬಾರದು. ವಿಚಾರಣೆಯ ತರುವಾಯ 2002ರ ಡಿಸೆಂಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಈ ಪವಾಡವನ್ನು ಅಂಗೀಕರಿಸಿದರು. 2003ರ ಅಕ್ಟೋಬರ್ 19ರಂದು ಮದರ್ ಅವರನ್ನು ಧನ್ಯರೆಂದು ಘೋಷಿಸಲಾಯಿತು. ಬ್ರೆಜಿಲ್ ದೇಶದ ರೋಗಿಯೊಬ್ಬರ ಪ್ರಸಂಗವನ್ನು ಎರಡನೆಯ ಪವಾಡವೆಂದು ಒಪ್ಪಿದ ಬಳಿಕ 2016ರ ಸೆಪ್ಟೆಂಬರ್ 4ರಂದು ಸಂತ ಪದವಿ ದೊರೆಯಿತು.

ಈ ಹೇಳಿಕೆಗಳನ್ನು ತೂಗುವುದು ಹೇಗೆ? ಮೊದಲು ಎಲ್ಲರೂ ಒಪ್ಪುವುದನ್ನು ಬೇರ್ಪಡಿಸಬೇಕು: ಆಕೆಗೆ ರೋಗವಿತ್ತು, ಅದು ಗುಣವಾಯಿತು. ಆಮೇಲೆ, ಯಾರು ಯಾವುದನ್ನು ಬಲ್ಲರು ಎಂದು ಕೇಳಬೇಕು. ನೋವು ಇಳಿದುದನ್ನು, ಬೆಳಕು ಕಂಡುದನ್ನು ಹೇಳಲು ಆಕೆಯೇ ಪ್ರಮಾಣ. ಅದು ಆಕೆಗೆ ಪ್ರತ್ಯಕ್ಷ. ಆದರೆ ಆ ಗಡ್ಡೆ ಯಾವ ಜಾತಿಯದೆಂಬುದು ಅನುಭವದಿಂದ ತಿಳಿಯುವ ವಿಷಯವಲ್ಲ. ಅಲ್ಲಿ ಪರೀಕ್ಷೆಯೇ ಪ್ರಮಾಣ. ಹೊಟ್ಟೆಯ ಕ್ಷಯದಲ್ಲಿಯೂ ಗಂಟು ಕಟ್ಟುವುದುಂಟು. ಅದನ್ನು ಬೇರೆ ಗಡ್ಡೆಯೆಂದು ಭ್ರಮಿಸುವುದೂ ಉಂಟು. ಸರಿಯಾದ ಔಷಧದಿಂದ ಅದು ಮೆಲ್ಲಮೆಲ್ಲನೆ ಕುಗ್ಗುತ್ತದೆ.

ಹಾಗಾದರೆ ಇಡೀ ವಿವಾದ ಒಂದು ಪ್ರಶ್ನೆಯಲ್ಲಿ ಅಡಗಿದೆ: ಗಡ್ಡೆ ಕರಗಿದ್ದು ಒಂದೇ ರಾತ್ರಿಯಲ್ಲೋ, ತಿಂಗಳುಗಳಲ್ಲೋ? ಆ ರಾತ್ರಿಯ ಹಿಂದಿನ ದಿನ ಒಂದು, ಮರುದಿನ ಒಂದು ಚಿತ್ರ ತೆಗೆದು ಹೋಲಿಸಿದರೆ ಮಾತ್ರ ಅದಕ್ಕೆ ಖಚಿತವಾದ ಉತ್ತರ ಸಿಕ್ಕೀತು. ಅಂಥ ಸಾಕ್ಷ್ಯ ಮುಂದೆ ಬರುವವರೆಗೆ, ಔಷಧದಿಂದ ಗುಣವಾಗುವ ರೋಗಕ್ಕೆ ಔಷಧ ಕೊಟ್ಟೆವೆಂದು ವೈದ್ಯರೇ ಹೇಳುತ್ತಿರುವಾಗ, ಬೇರೆ ಕಾರಣವನ್ನು ಹುಡುಕುವ ಅಗತ್ಯ ನನಗೆ ತೋರದು.

ಇದರಿಂದ ಮದರ್ ಅವರ ಸೇವೆಗಾಗಲಿ ಆ ಗೃಹಿಣಿಯ ಭಕ್ತಿಗಾಗಲಿ ಕುಂದಿಲ್ಲ. ಹರಕೆ, ತಾಯಿತ, ತೀರ್ಥಗಳ ವಿಷಯದಲ್ಲಿ ನಮ್ಮ ಮನೆಗಳಿಗೂ ಇದೇ ಅಳತೆಗೋಲು. ಪ್ರಾರ್ಥಿಸುವವರು ಪ್ರಾರ್ಥಿಸಲಿ, ಅದು ಮನಸ್ಸಿಗೆ ಬಲ ಕೊಡುತ್ತದೆ. ಆದರೆ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧ ಬೇಕು. ನೋವು ಇಳಿಯಿತೆಂದು ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು, ಮುಂದೆ ಅದೇ ಔಷಧಕ್ಕೆ ಬಗ್ಗದೆಯೂ ಹೋಗಬಹುದು. ನಿಮ್ಮ ನೆರೆಹೊರೆಯಲ್ಲಿ ಯಾರಾದರೂ ಪವಾಡದ ಸುದ್ದಿ ಕೇಳಿ ಗುಳಿಗೆಗಳನ್ನು ಬದಿಗಿಟ್ಟಿದ್ದರೆ, ಅವರೊಡನೆ ವಾದಕ್ಕಿಳಿಯಬೇಡಿ; ದೇವರ ದೀಪವನ್ನು ಆರಿಸದೆಯೇ ಗುಳಿಗೆಯನ್ನು ಅವರ ಕೈಗಿಡಿ.