ನಾಲ್ಕು ತಾಲ್ಲೂಕು, ಆರು ಅಧ್ಯಕ್ಷರು

2024ರ ಸೆಪ್ಟೆಂಬರ್‌ನಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಭುವನಗಿರಿಯಿಂದ ಕನ್ನಡ ಜ್ಯೋತಿ ಹೊತ್ತ ರಥ ಹೊರಟಿತು. ಸೇರಬೇಕಿದ್ದ ಊರು ಮಂಡ್ಯ. ನೆಟ್ಟಗೆ ಬಂದಿದ್ದರೆ ಒಂದು ಹಗಲಿನ ದಾರಿ. ನಾಡು ಸುತ್ತಿಕೊಂಡು, ಡಿಸೆಂಬರ್ 20ರಿಂದ 22ರವರೆಗೆ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಬಂದು ಮುಟ್ಟಲು ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು.

2008ರ ಬೀಜಿಂಗ್ ಒಲಿಂಪಿಕ್ ಜ್ಯೋತಿಗೆ ಗೊತ್ತುಮಾಡಿದ್ದ ದಾರಿ ಸುಮಾರು 1,37,000 ಕಿ.ಮೀ. ಭೂಮಿಯನ್ನು ಮೂರು ಸುತ್ತು ಹಾಕಿದರೂ ಇನ್ನೂ ಮಿಗುತ್ತದೆ. ಕಿಲೋಮೀಟರಿನಲ್ಲಿ ನಮ್ಮ ರಥ ಅದರ ಹತ್ತಿರಕ್ಕೂ ಬರದು. ನಮ್ಮ ಜ್ಯೋತಿಯನ್ನು ಅಳೆಯಬೇಕಾದದ್ದು ವರ್ಷಗಳಲ್ಲಿ ಮತ್ತು ಮನುಷ್ಯರಲ್ಲಿ.

ಪೂರ್ಣಕುಂಭ, ತಮಟೆ, ಬಾವುಟ ಹಿಡಿದ ಶಾಲೆ ಮಕ್ಕಳು. ಇಂಥ ರಥ ಊರಿನ ಬೀದಿಯಲ್ಲಿ ಕಣ್ಣ ಮುಂದೆ ಇರುವುದು ಕೆಲವೇ ನಿಮಿಷ. ಆದರೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳು ಕೊಟ್ಟ ಸಮ್ಮೇಳನಾಧ್ಯಕ್ಷರ ಲೆಕ್ಕ ತೆಗೆದರೆ ಮೈ ಜುಮ್ಮೆನ್ನುತ್ತದೆ.

ಎಣಿಸಿ ನೋಡಿ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯ, 1928ರ ಕಲಬುರಗಿ ಸಮ್ಮೇಳನದ ಅಧ್ಯಕ್ಷರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್, 1981ರಲ್ಲಿ ಚಿಕ್ಕಮಗಳೂರು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್, 1984ರಲ್ಲಿ ಕೈವಾರ. ಅದೇ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, 1990ರಲ್ಲಿ ಮೈಸೂರು. ನಾಗಮಂಗಲದ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡ, 1995ರಲ್ಲಿ ಮುಧೋಳ. ಶ್ರೀರಂಗಪಟ್ಟಣದ ಗಂಜಾಮಿನ ಜಿ. ವೆಂಕಟಸುಬ್ಬಯ್ಯ, 2011ರಲ್ಲಿ ಬೆಂಗಳೂರು.

ಆರು ಜನ! ರಾಜ್ಯದಲ್ಲಿ 200ಕ್ಕೂ ಹೆಚ್ಚು ತಾಲ್ಲೂಕುಗಳಿವೆ. ಅವುಗಳಲ್ಲಿ ನಾಲ್ಕೆಂದರೆ ನೂರಕ್ಕೆ ಎರಡೂ ಆಗುವುದಿಲ್ಲ. 1915ರಿಂದ ನಡೆದ 87 ಸಮ್ಮೇಳನಗಳಲ್ಲಿ ಆರು ಎಂದರೆ ನೂರಕ್ಕೆ ಸುಮಾರು ಏಳು. ನೆಲದ ಪಾಲಿಗಿಂತ ಮೂರು ಪಟ್ಟಿಗೂ ಮಿಗಿಲಾದ ಗೌರವ ಇಲ್ಲಿಯ ಮಕ್ಕಳಿಗೆ ಸಂದಿದೆ.

ಅವರ ಕೆಲಸದ ಅಳತೆಯೂ ಸಣ್ಣದಲ್ಲ. ವೆಂಕಟಸುಬ್ಬಯ್ಯನವರು ಪ್ರಧಾನ ಸಂಪಾದಕರಾಗಿ ದುಡಿದ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ, 9,000ಕ್ಕೂ ಹೆಚ್ಚು ಪುಟ. ಅವರು ಬದುಕಿದ್ದು 107 ವರ್ಷ, ಮೂರ್ತಿರಾಯರು 103. ನಾಗೇಗೌಡರು ಜನಪದರ ಬದುಕನ್ನು ಕಾಪಿಡಲು ರಾಮನಗರದ ಬಳಿ 15 ಎಕರೆಯಲ್ಲಿ ಜಾನಪದ ಲೋಕವನ್ನೇ ಕಟ್ಟಿದರು. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ; 80 ವರ್ಷ ಕಳೆದರೂ ಅದರ ಹಾಡುಗಳು ಮದುವೆ ಮನೆಗಳಲ್ಲಿ ಕೇಳಿಬರುತ್ತವೆ.

ಇನ್ನೂ ಹಿಂದಕ್ಕೆ ಹೋದರೆ, 1648ರಲ್ಲಿ ಗೋವಿಂದವೈದ್ಯ ‘ಕಂಠೀರವ ನರಸರಾಜ ವಿಜಯ’ ಬರೆದದ್ದು ಶ್ರೀರಂಗಪಟ್ಟಣದ ಅರಸರ ಆಶ್ರಯದಲ್ಲಿ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಊಳಿಗದಲ್ಲಿದ್ದ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಅದೇ ಆಸ್ಥಾನದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕ. ಗೋವಿಂದವೈದ್ಯನಿಂದ ಲೆಕ್ಕ ಹಿಡಿದರೂ ಮೂರೂಮುಕ್ಕಾಲು ಶತಮಾನ ಈ ನೆಲದಲ್ಲಿ ದೀಪ ಆರಿಲ್ಲ.

1974, 1994, 2024: ಮಂಡ್ಯ ನಗರಕ್ಕೆ ಸಮ್ಮೇಳನ ಬಂದದ್ದು ಮೂರು ಸಲ. ಮುಂದಿನದು ಯಾವಾಗಲೋ. ಅಲ್ಲಿಯವರೆಗೆ ಕಾಯಬೇಕಿಲ್ಲ. ಈ ನಾಲ್ಕು ತಾಲ್ಲೂಕುಗಳ ಪ್ರತಿ ಶಾಲೆಯಲ್ಲೂ ಈ ಆರು ಜನರ ತಲಾ ಒಂದು ಪುಸ್ತಕವಾದರೂ ಮಕ್ಕಳ ಕೈಗೆ ಸಿಗುವಂತಾಗಲಿ. ರಥಕ್ಕೆ ಆರತಿ ಎತ್ತಿದ ನಾವೇ ಆ ಪುಸ್ತಕಗಳನ್ನು ಕೊಂಡು ಶಾಲೆಗೆ ಕೊಡೋಣ.