ಶಿಲುಬೆಯ ಮೇಲೊಂದು ಸಂಸಾರದ ಕನಸು

ದೇವರನ್ನು ಮನುಷ್ಯನನ್ನಾಗಿ ಕಾಣಿಸಹೊರಟ ಕಲಾವಿದನ ದಾರಿ ಎಂದಿಗೂ ಸುಗಮವಾದುದಲ್ಲ. ಕ್ರಿಸ್ತನ ಕಡೆಯ ಪ್ರಲೋಭನೆಯನ್ನು ಕುರಿತು ಗ್ರೀಸಿನ ನಿಕೋಸ್ ಕಜಾಂಟ್‌ಜಾಕಿಸ್ ಬರೆದ ಕಾದಂಬರಿ 1954ರಲ್ಲಿ ವ್ಯಾಟಿಕನ್ನಿನ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿತು. ಅದನ್ನು ಆಧರಿಸಿ ಅಮೆರಿಕದ ಮಾರ್ಟಿನ್ ಸ್ಕಾರ್ಸೇಸಿ ನಿರ್ದೇಶಿಸಿದ 'ದಿ ಲಾಸ್ಟ್ ಟೆಂಪ್ಟೇಷನ್ ಆಫ್ ಕ್ರೈಸ್ಟ್' ಚಿತ್ರ 1988ರಲ್ಲಿ ತೆರೆಕಂಡಾಗ ಹಲವು ದೇಶಗಳಲ್ಲಿ ಪ್ರತಿಭಟನೆಗಳೆದ್ದವು. ಆ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಸೇಂಟ್ ಮಿಷೆಲ್ ಚಿತ್ರಮಂದಿರಕ್ಕೆ ಬೆಂಕಿಯಿಟ್ಟು ಪ್ರೇಕ್ಷಕರನ್ನು ಗಾಯಗೊಳಿಸಿದರು. ಆ ಹಿಂಸೆಗೆ ಸಮರ್ಥನೆಯಿಲ್ಲ. ಆದರೂ ಭಕ್ತರ ನೋವೆಲ್ಲ ಹುಸಿಯೆಂದು ನಾನು ಹೇಳಲಾರೆ. ಆರಾಧ್ಯಮೂರ್ತಿ ಅಳುಕುವುದನ್ನು ನೋಡುವುದು ಯಾರಿಗೂ ಸುಲಭವಲ್ಲ.

ವಿಲೆಮ್ ಡಫೊ ಅಭಿನಯಿಸಿರುವ ಯೇಸು ರೋಮನ್ನರಿಗೆ ಶಿಲುಬೆಗಳನ್ನು ಮಾಡಿಕೊಡುವ ಬಡಗಿ. ತನ್ನೊಳಗೆ ಕೂಗುವ ದೇವರು ತನ್ನನ್ನು ದ್ವೇಷಿಸಿ ಕೈಬಿಡಲೆಂಬುದೇ ಅವನ ಹಂಬಲ. ಇದು ಸುವಾರ್ತೆಗಳನ್ನು ಆಧರಿಸಿದ ಕಥೆಯಲ್ಲವೆಂದು ಚಿತ್ರವೇ ಆರಂಭದಲ್ಲಿ ತಿಳಿಸುತ್ತದೆ.

ಕೊನೆಗೆ ಶಿಲುಬೆಯ ಮೇಲೆ ಬಾಲಕಿಯ ರೂಪದಲ್ಲಿ ಪ್ರಲೋಭನೆ ಬರುತ್ತದೆ. ಅದು ಒಡ್ಡುವುದು ಸಿಂಹಾಸನವನ್ನಲ್ಲ, ಸಾಮಾನ್ಯನ ಬಾಳನ್ನು: ಮದುವೆ, ಮನೆ, ಮಕ್ಕಳು, ಹಾಸಿಗೆಯಲ್ಲಿ ಬರುವ ನೆಮ್ಮದಿಯ ಸಾವು. ಸ್ವಪ್ನದಲ್ಲಿ ಅವನು ಹಾಗೆಯೇ ಬಾಳಿ ಮುದುಕನಾಗುತ್ತಾನೆ. ಜೆರೂಸಲೇಮ್ ಉರಿಯುತ್ತಿರುವಾಗ ಯೂದನು ಬಂದು ಅವನನ್ನೇ ದ್ರೋಹಿಯೆಂದು ಜರೆಯುತ್ತಾನೆ. ಆಗ ಮುದುಕ ತೆವಳಿಕೊಂಡು ಹೊರಗೆ ಬಂದು, ಕೈಬಿಟ್ಟ ಶಿಲುಬೆಯನ್ನೇ ದೇವರಲ್ಲಿ ಬೇಡುತ್ತಾನೆ. ಮರುಕ್ಷಣ ಅವನು ಮತ್ತೆ ಮೊಳೆಗಳ ಮೇಲೆ, ಮುಖದಲ್ಲಿ ಕೃತಾರ್ಥತೆ.

ಇಲ್ಲಿಯೇ ಚಿತ್ರದ ತಿರುಳಿದೆಯೆಂದು ನನ್ನ ಭಾವನೆ. ಕೆಟ್ಟದ್ದನ್ನು ತೊರೆಯುವುದು ತ್ಯಾಗವಲ್ಲ, ವಿವೇಕ ಮಾತ್ರ. ಒಳ್ಳೆಯದನ್ನು, ಅದರ ಸವಿಯನ್ನು ಬಲ್ಲವನಾಗಿ ತೊರೆಯುವುದೇ ತ್ಯಾಗ. ಸಂಸಾರದ ಆಸೆಯೇ ಇಲ್ಲದವನ ಶಿಲುಬೆ ಎಷ್ಟು ಭಾರವಾದೀತು? ಕ್ರಿಸ್ತನು ಪೂರ್ಣ ದೇವನೂ ಹೌದು, ಪೂರ್ಣ ಮನುಷ್ಯನೂ ಹೌದೆಂದು 451ರಲ್ಲಿ ಕ್ಯಾಲ್ಸಿಡನ್ ಧರ್ಮಸಭೆಯೇ ಸಾರಿತ್ತಷ್ಟೆ. ಗೆತ್ಸೆಮನೆಯ ತೋಟದಲ್ಲಿ, ಸಾಧ್ಯವಾದರೆ ಈ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿದವನನ್ನು ಸುವಾರ್ತೆಗಳೂ ಬಲ್ಲವು.

ಚಿತ್ರ ನಿರ್ದೋಷವಾದುದೇನೂ ಅಲ್ಲ. ಇಷ್ಟು ಚಂಚಲಚಿತ್ತನನ್ನು ನಂಬಿ ಬೆಸ್ತರು ಬಲೆ ಬಿಟ್ಟು ಹೇಗೆ ಹೊರಟರು ಎಂಬ ಪ್ರಶ್ನೆಗೆ ಅದರಲ್ಲಿ ತಕ್ಕ ಉತ್ತರ ದೊರೆಯದು. ಕರುಣೆಯ ತೇಜಸ್ಸಿಗಿಂತ ಕಳವಳದ ನೆರಳೇ ಹೆಚ್ಚಾಯಿತು.

ಗೋವಿಂದ ಪೈಗಳ 'ಗೊಲ್ಗೊಥಾ'ದಲ್ಲಿ ಯೇಸುವಿನ ಯಾತನೆಯನ್ನು ಕಂಡ ಕನ್ನಡಿಗರಿಗೆ ಆ ಬೆಟ್ಟ ಅಪರಿಚಿತವಲ್ಲ. ಅಲ್ಲಿಗೇರಿದವನು ಅಂಜುತ್ತಲೇ ಏರಿದನೆಂದು ಒಪ್ಪಿದರೆ ಅವನ ಎತ್ತರ ಕುಗ್ಗುವುದೆ? ಅಂಜಿದರೂ ಏರಿದನಲ್ಲ ಎಂದು, ನನ್ನ ಮಟ್ಟಿಗಾದರೂ, ಅದು ಹೆಚ್ಚಿದೆ.